ಲ್ಯಾಪ್‌ಟಾಪ್ ಬ್ಯಾಗ್ ಕೊಳ್ಳುವ ಮುನ್ನ ಒಮ್ಮೆ ತೂಕ ಹಾಕಿ

ಕೆಲಸಕ್ಕೆ ಸೇರಿದ ದಿನ ಲ್ಯಾಪ್‌ಟಾಪ್ ಜೊತೆಗೆ ಕಂಪನಿಯವರೇ ಒಂದು ಬ್ಯಾಗ್ ಕೊಡುವುದುಂಟು. ಮುಂದೆ ದೊಡ್ಡ ಅಕ್ಷರದಲ್ಲಿ ಕಂಪನಿ ಹೆಸರು, ಹಿಂದೆ ಎರಡು ಬೆರಳಗಲದ ಸ್ಟ್ರ್ಯಾಪು. ಪುಕ್ಕಟೆ ಸಿಕ್ಕಿದ್ದಲ್ವಾ, ಎರಡು ಮೂರು ವರ್ಷ ಅದನ್ನೇ ಹೊರುತ್ತೇವೆ. ಕುತ್ತಿಗೆ ಹಿಡಿದುಕೊಳ್ಳಲು ಶುರುವಾದ ಮೇಲೆ ಒಂದು ರಾತ್ರಿ ಮೊಬೈಲ್‌ನಲ್ಲಿ ಫೋಟೊ ನೋಡಿ, ಡಿಸ್ಕೌಂಟ್ ನೋಡಿ, ಇನ್ನೊಂದು ತರಿಸುತ್ತೇವೆ. ಅದರಲ್ಲಿ ಲೆಕ್ಕವಿಲ್ಲದಷ್ಟು ಖಾನೆ, ನಂಬರ್ ಲಾಕು, ಪಕ್ಕದಲ್ಲೊಂದು ಯುಎಸ್‌ಬಿ ತೂತು. ಹೆಗಲು ನೋವು ಮಾತ್ರ ಹೋಗಿರುವುದಿಲ್ಲ.

ಬ್ಯಾಗ್ ಆರಿಸುವ ಕೆಲಸ ಅಂಗಡಿಯಲ್ಲಿ ಶುರುವಾಗಬಾರದು. ಮೊದಲು ಹೊರೆ, ಆಮೇಲೆ ದಾರಿ, ಕೊನೆಗೆ ಬ್ಯಾಗ್. ಈ ಕ್ರಮದಲ್ಲಿ ಹೋದರೆ ದುಡ್ಡೂ ಉಳಿಯುತ್ತದೆ.

ಮೊದಲು ಹೊರೆಯ ಲೆಕ್ಕ

ದಿನಾ ಆಫೀಸಿಗೆ ಒಯ್ಯುವುದನ್ನೆಲ್ಲ ಈಗಿರುವ ಬ್ಯಾಗಿಗೆ ತುಂಬಿ. ಮನೆಯ ತೂಕದ ಮೆಷಿನ್ ಮೇಲೆ ಬ್ಯಾಗ್ ಹಾಕಿಕೊಂಡು ಒಮ್ಮೆ, ಇಲ್ಲದೆ ಒಮ್ಮೆ ನಿಲ್ಲಿ. ಕಳೆದರೆ ಸಿಗುವುದೇ ನಿಮ್ಮ ಹೊರೆ. ಸಾಮಾನ್ಯವಾಗಿ ಲೆಕ್ಕ ಹೀಗಿರುತ್ತದೆ: 14 ಇಂಚಿನ ಆಫೀಸ್ ಲ್ಯಾಪ್‌ಟಾಪ್ ಸುಮಾರು ಒಂದೂವರೆ ಕೆಜಿ. ಚಾರ್ಜರ್ 300 ಗ್ರಾಂ. ಒಂದು ಲೀಟರಿನ ಸ್ಟೀಲ್ ಬಾಟಲಿ ತುಂಬಿದರೆ 1.3 ಕೆಜಿ ಮೇಲೆ. ಅನ್ನ, ಸಾರು, ಪಲ್ಯ ಇರುವ ಟಿಫಿನ್ ಬಾಕ್ಸ್ ಮುಕ್ಕಾಲು ಕೆಜಿ. ಛತ್ರಿ, ಪರ್ಸು, ಬೀಗದ ಕೈ ಸೇರಿ ಅರ್ಧ ಕೆಜಿ. ಖಾಲಿ ಬ್ಯಾಗೇ ಒಂದು ಕೆಜಿ. ಒಟ್ಟು ಐದು ಕೆಜಿ ದಾಟಿತು. ಇದರಲ್ಲಿ ಲ್ಯಾಪ್‌ಟಾಪ್ ಪಾಲು ಮೂರನೇ ಒಂದರಷ್ಟೂ ಇಲ್ಲ.

ಐದು ಕೆಜಿ ಜಾಸ್ತಿಯೋ ಕಮ್ಮಿಯೋ? ದೊಡ್ಡವರಿಗೆ ಸರ್ಕಾರದ ನಿಯಮ ಇಲ್ಲ. ಮಕ್ಕಳಿಗಿದೆ. ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತಿಯ ಪ್ರಕಾರ ಚೀಲದ ತೂಕ ಮಗುವಿನ ತೂಕದ ಶೇ 10 ದಾಟಬಾರದು. ಅದೇ ಅಳತೆಯನ್ನು ನಮಗೂ ಹಿಡಿದರೆ ತಪ್ಪಿಲ್ಲ. 50 ಕೆಜಿ ಇರುವವರಿಗೆ ಐದು ಕೆಜಿ ಎಂದರೆ ಅಲ್ಲಿಗೆ ಮುಗಿಯಿತು.

ಹೊಸ ಬ್ಯಾಗ್ ತರದೆಯೇ ಮುಕ್ಕಾಲು ಕೆಜಿ ಇಳಿಸಬಹುದು. ಆಫೀಸಿನ ಡ್ರಾಯರ್‌ನಲ್ಲಿ ಇನ್ನೊಂದು ಚಾರ್ಜರ್ ಇಟ್ಟುಬಿಡಿ. ನೀರು ಅರ್ಧ ಲೀಟರ್ ಸಾಕು, ಆಫೀಸಿನಲ್ಲಿ ಫಿಲ್ಟರ್ ಇದ್ದೇ ಇರುತ್ತದೆ. ಇಷ್ಟು ಮಾಡಿ ಒಂದು ವಾರ ನೋಡಿ. ನೋವು ಕಮ್ಮಿಯಾದರೆ ಹೊಸ ಬ್ಯಾಗೇ ಬೇಡದೆ ಇರಬಹುದು. ಆಗ ಈ ಲೇಖನ ಇಲ್ಲಿಗೇ ಬಿಡಿ.

ಟೇಪು ಹಿಡಿದು ಅಳೆಯಿರಿ

15.6 ಇಂಚು ಎನ್ನುವುದು ಪರದೆಯ ಮೂಲೆಯಿಂದ ಮೂಲೆಗಿನ ಅಳತೆ, ಲ್ಯಾಪ್‌ಟಾಪಿನ ಉದ್ದ ಅಲ್ಲ. ಅಂಥ ಲ್ಯಾಪ್‌ಟಾಪ್ ಸುಮಾರು 36 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲ ಇರುತ್ತದೆ. ಹಳೆಯದಾದರೆ ಪರದೆಯ ಸುತ್ತ ದಪ್ಪ ಅಂಚು, ಅಳತೆ ಇನ್ನೂ ಜಾಸ್ತಿ. ಹಾಗಾಗಿ ನಿಮ್ಮ ಲ್ಯಾಪ್‌ಟಾಪಿನ ಉದ್ದ, ಅಗಲ, ದಪ್ಪ ಮೂರನ್ನೂ ಅಳೆದು ಬರೆದಿಟ್ಟುಕೊಳ್ಳಿ. ಬ್ಯಾಗಿನ ಲ್ಯಾಪ್‌ಟಾಪ್ ಖಾನೆ ಅದಕ್ಕಿಂತ ಒಂದೆರಡು ಸೆಂ.ಮೀ. ದೊಡ್ಡದಿದ್ದರೆ ಸಾಕು. ತೀರಾ ಸಡಿಲವಾದರೆ ಒಳಗೇ ಕುಣಿಯುತ್ತದೆ.

ಇನ್ನು ಲೀಟರ್ ಲೆಕ್ಕ, ಅಂದರೆ ಬ್ಯಾಗಿನೊಳಗೆ ಎಷ್ಟು ಜಾಗ ಇದೆ ಎನ್ನುವುದು. ಲ್ಯಾಪ್‌ಟಾಪ್, ಊಟ, ಛತ್ರಿಗೆ 18ರಿಂದ 22 ಲೀಟರಿನ ಬ್ಯಾಗ್ ಧಾರಾಳ. ಜಿಮ್ ಬಟ್ಟೆ, ಶೂ ಒಯ್ಯುವವರಿಗೆ 25. ಅಂಗಡಿಯವರು 35 ಲೀಟರ್ ತೋರಿಸಿ ‘ಊರಿಗೂ ಆಗುತ್ತೆ ಸಾರ್’ ಅಂತಾರೆ. ಬೇಡ. ಜಾಗ ಇದ್ದರೆ ಅದು ತಾನಾಗಿ ತುಂಬಿಕೊಳ್ಳುತ್ತದೆ. ದೊಡ್ಡ ಬ್ಯಾಗಿನ ತಳ ತಡಕಿ ನೋಡಿ: ಓದದ ಮ್ಯಾನುಯಲ್ಲು, ಎರಡನೇ ಛತ್ರಿ, ಮೂರು ಪೆನ್ನು, ಹೋದ ದೀಪಾವಳಿಗೆ ಆಫೀಸಿನಲ್ಲಿ ಕೊಟ್ಟ ಒಣಹಣ್ಣಿನ ಡಬ್ಬಿ. ಇದನ್ನೆಲ್ಲ ದಿನಾ ಹೊತ್ತು ತಿರುಗುತ್ತಿರುತ್ತೇವೆ.

ಯಾವ ದಾರಿ, ಯಾವ ಗಾಡಿ?

ಕಾರಿನಲ್ಲಿ ಹೋಗಿ ಬರುವವರಿಗೆ ಯಾವ ಬ್ಯಾಗಾದರೂ ನಡೆಯುತ್ತದೆ. ಚಿಂತೆ ಇರುವುದು ಉಳಿದವರಿಗೆ.

ಮನೆಯಿಂದ ಸ್ಟಾಪಿಗೆ, ಸ್ಟಾಪಿನಿಂದ ಆಫೀಸಿಗೆ ಎಲ್ಲ ಸೇರಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಡೆಯುವುದಿದ್ದರೆ ಎರಡು ಹೆಗಲಿಗೆ ಹಾಕುವ ಬ್ಯಾಕ್‌ಪ್ಯಾಕೇ ಸರಿ. ಒಂದೇ ಹೆಗಲಿನ ಬ್ಯಾಗ್ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಪಟ್ಟಿ ಜಾರದಿರಲಿ ಅಂತ ಆ ಕಡೆಯ ಹೆಗಲನ್ನು ನಮಗೆ ಗೊತ್ತಿಲ್ಲದೆಯೇ ಎತ್ತಿ ಹಿಡಿದಿರುತ್ತೇವೆ. ಸಂಜೆ ಕುತ್ತಿಗೆಯ ಒಂದೇ ಪಕ್ಕ ಬಿಗಿಯುವುದು ಇದಕ್ಕೇ. ಹೊರೆ ಎರಡೂವರೆ ಕೆಜಿ ಒಳಗಿದ್ದರೆ ಟೋಟ್, ಮೆಸೆಂಜರ್ ಬ್ಯಾಗ್ ಪರವಾಗಿಲ್ಲ. ಆಗಲೂ ಪಟ್ಟಿಯನ್ನು ಎದೆಯ ಮೇಲೆ ಅಡ್ಡ ಹಾಕಿಕೊಳ್ಳಿ, ದಿನ ಬಿಟ್ಟು ದಿನ ಹೆಗಲು ಬದಲಿಸಿ.

ನಮ್ಮ ಮೆಟ್ರೊದಲ್ಲಿ ಹೋಗುವವರು ಬ್ಯಾಗಿನ ಮೇಲಿನ ಹಿಡಿಕೆಯನ್ನು ಮೊದಲು ನೋಡಬೇಕು. ಸ್ಟೇಷನ್ ಬಾಗಿಲಲ್ಲಿ ಬ್ಯಾಗನ್ನು ಸ್ಕ್ಯಾನರ್‌ಗೆ ಹಾಕಬೇಕು, ಆ ಕಡೆ ಎತ್ತಿಕೊಳ್ಳಬೇಕು, ರೈಲಿನೊಳಗೆ ರಶ್ ಇದ್ದರೆ ಮತ್ತೆ ಇಳಿಸಿ ಕಾಲ ಬಳಿ ಇಡಬೇಕು. ಇಷ್ಟಕ್ಕೂ ಹಿಡಿಯುವುದು ಅದೇ ಹಿಡಿಕೆ. ಅದು ಬರೀ ಲಾಡಿಯಾಗಿದ್ದರೆ ಬೆರಳು ಕೊರೆಯುತ್ತದೆ. ತಳ ಚಪ್ಪಟೆ ಇರಲಿ, ಬಿಟ್ಟರೆ ತಾನಾಗಿ ನಿಲ್ಲುವಂತಿರಲಿ. ಬೆಳಿಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಿಸುವವರಿಗೆ ಬ್ಯಾಗ್ ತೆಳ್ಳಗಿದ್ದಷ್ಟೂ ಒಳ್ಳೆಯದು. ಉಬ್ಬಿದ ಬ್ಯಾಗ್ ಬೆನ್ನ ಮೇಲಿಟ್ಟುಕೊಂಡು ತಿರುಗಿದರೆ ಹಿಂದಿನವರ ಮೂಗಿಗೇ ಬೀಳುತ್ತದೆ. ಬಿಎಂಟಿಸಿ ಬಸ್ಸಿನವರು ಬೆನ್ನಿಗೆ ತಾಗುವ ಕಡೆ ಒಂದು ಗುಪ್ತ ಜೇಬಿದೆಯಾ ನೋಡಿ. ಫೋನು, ಪರ್ಸು ಅಲ್ಲಿಟ್ಟರೆ ಬೇರೆಯವರ ಕೈ ಸುಲಭಕ್ಕೆ ಹೋಗುವುದಿಲ್ಲ.

ಟೂವೀಲರ್‌ನವರು ಅಂಗಡಿಗೆ ಹೆಲ್ಮೆಟ್ ಸಮೇತ ಹೋಗಿ. ಬ್ಯಾಗ್ ಹಾಕಿ, ಹೆಲ್ಮೆಟ್ ಹಾಕಿ, ಕತ್ತು ಹಿಂದಕ್ಕೆ ಬಾಗಿಸಿ. ಬ್ಯಾಗಿನ ಮೇಲ್ತುದಿ ಹೆಲ್ಮೆಟ್ಟಿಗೆ ತಾಗಿದರೆ ಅದು ನಿಮ್ಮ ಬ್ಯಾಗ್ ಅಲ್ಲ. ದಾರಿಯುದ್ದಕ್ಕೂ ಅದು ತಲೆಯನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಎದೆಯ ಮೇಲೆ ಎರಡು ಸ್ಟ್ರ್ಯಾಪ್‌ಗಳನ್ನು ಕೂಡಿಸುವ ಚಿಕ್ಕ ಬೆಲ್ಟು ಇದ್ದರೆ ಬ್ಯಾಗ್ ಆ ಕಡೆ ಈ ಕಡೆ ವಾಲುವುದಿಲ್ಲ. ಸ್ಕೂಟರಿನ ಮುಂದಿನ ಕೊಕ್ಕೆಗೆ ಲ್ಯಾಪ್‌ಟಾಪ್ ನೇತುಹಾಕುವುದು ಬೇಡ. ರಸ್ತೆಯ ಪ್ರತಿ ಹಂಪಿಗೂ ಅದು ಬಡಿದುಕೊಳ್ಳುತ್ತದೆ, ತಿರುವಿನಲ್ಲಿ ಮೊಣಕಾಲಿಗೂ ಅಡ್ಡ.

ಸೀರೆ, ದುಪಟ್ಟಾ ಉಡುವವರಿಗೆ ಇನ್ನೊಂದು ಕಿರಿಕಿರಿ ಇದೆ. ಸ್ಟ್ರ್ಯಾಪಿನ ಒಳಮೈ ಒರಟು ಜಾಲರಿಯಾಗಿದ್ದರೆ ಹೆಗಲ ಬಳಿ ರೇಷ್ಮೆಯ ಎಳೆ ಕಿತ್ತು ಬರುತ್ತದೆ, ಕಾಟನ್ ಕುರ್ತಾ ಗಂಟು ಗಂಟಾಗುತ್ತದೆ. ಒಳಮೈ ನುಣುಪಾಗಿರುವುದನ್ನೇ ಕೇಳಿ. ಬಟ್ಟೆಗೆ ಅಂಟಿಕೊಳ್ಳುವ ವೆಲ್‌ಕ್ರೊ ಇರುವ ಬ್ಯಾಗ್ ತೆಗೆದುಕೊಳ್ಳಲೇಬೇಡಿ.

ಅಂಗಡಿಗೆ ಲ್ಯಾಪ್‌ಟಾಪ್ ಹಿಡಿದೇ ಹೋಗಿ

ಅಂಗಡಿಯಲ್ಲಿ ನೇತುಹಾಕಿದ ಬ್ಯಾಗುಗಳೆಲ್ಲ ದುಂಡಗೆ, ಗಟ್ಟಿಯಾಗಿ ಕಾಣುತ್ತವೆ. ಒಳಗೆ ಪೇಪರ್ ತುರುಕಿರುತ್ತಾರೆ. ‘ಅಣ್ಣಾ, ಪೇಪರ್ ತೆಗೆದು ಕೊಡಿ’ ಅನ್ನಿ. ಕೆಲವು ಅಲ್ಲೇ ಕುಸಿದು ಬೀಳುತ್ತವೆ. ನಿಮ್ಮ ಲ್ಯಾಪ್‌ಟಾಪ್, ತುಂಬಿದ ಬಾಟಲಿ, ಡಬ್ಬಿ ಒಳಗಿಟ್ಟು ಹಾಕಿಕೊಳ್ಳಿ. ಖಾಲಿ ಬ್ಯಾಗ್ ಹಾಕಿ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ.

ದುಡ್ಡು ಹಾಕಬೇಕಾದ ಜಾಗ ಸ್ಟ್ರ್ಯಾಪು. ಅಗಲ ಆರೇಳು ಸೆಂ.ಮೀ. ಇರಲಿ. ಸ್ಟ್ರ್ಯಾಪನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಜೋರಾಗಿ ಒತ್ತಿ. ಎರಡು ಬೆರಳೂ ಒಂದಕ್ಕೊಂದು ತಾಗಿದಂತೆ ಅನ್ನಿಸಿದರೆ ಆ ಫೋಮ್ ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ಒಳ್ಳೆಯ ಫೋಮ್ ಸ್ವಲ್ಪ ತಗ್ಗಿ, ಅಲ್ಲೇ ತಡೆದು, ಬಿಟ್ಟ ತಕ್ಷಣ ಮೇಲೇಳುತ್ತದೆ. ಮೆತ್ತಗಿದ್ದಷ್ಟೂ ಸುಖ ಎನ್ನುವುದು ಅಂಗಡಿಯಲ್ಲಿ ಮಾತ್ರ ನಿಜ. ಆಮೇಲೆ ಸ್ಟ್ರ್ಯಾಪು ಬ್ಯಾಗಿಗೆ ಸೇರುವ ಜಾಗವನ್ನು ಹತ್ತಿರದಿಂದ ನೋಡಿ. ಒಂದೇ ಸಾಲು ಹೊಲಿಗೆ ಸಾಲದು. ಚೌಕ ಹಾಕಿ ಅದರೊಳಗೆ ಇಂಟು ಗುರುತಿನಂತೆ ಹೊಲಿದಿರಬೇಕು, ಇಲ್ಲವೇ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದಿರಬೇಕು. ಬ್ಯಾಗ್ ಹರಿಯುವುದು ಸಾಮಾನ್ಯವಾಗಿ ಅಲ್ಲೇ.

ನೇರ ಪಟ್ಟಿಗಿಂತ ಸ್ವಲ್ಪ ಬಳುಕಿದ ಪಟ್ಟಿ ಒಳ್ಳೆಯದು. ಅದು ಕುತ್ತಿಗೆಗೂ ಒತ್ತುವುದಿಲ್ಲ, ಕಂಕುಳಿಗೂ ಉಜ್ಜುವುದಿಲ್ಲ. ಹೆಗಲು ಕಿರಿದಾಗಿರುವವರಿಗೆ, ಅದರಲ್ಲೂ ಎಷ್ಟೋ ಹೆಣ್ಣುಮಕ್ಕಳಿಗೆ, ಎರಡು ಪಟ್ಟಿಗಳ ನಡುವಿನ ಅಂತರ ಜಾಸ್ತಿಯಾಗಿ ಬ್ಯಾಗ್ ಹೆಗಲಿಂದ ಜಾರುತ್ತಿರುತ್ತದೆ. ಮೇಲೆ ಕೆಳಗೆ ಸರಿಸಲು ಬರುವ ಎದೆ ಬೆಲ್ಟು ಇದ್ದರೆ ಆ ತಾಪತ್ರಯ ಕಮ್ಮಿ.

ಈಗ ಪಟ್ಟಿ ಎಳೆದು ಸರಿಮಾಡಿ. ಬ್ಯಾಗಿನ ಮೇಲ್ಭಾಗ ಹೆಗಲ ಮಟ್ಟಕ್ಕೆ ಬರಬೇಕು, ತಳ ಸೊಂಟಕ್ಕಿಂತ ನಾಲ್ಕು ಇಂಚಿಗಿಂತ ಕೆಳಗೆ ಇಳಿಯಬಾರದು. ಕಾಲೇಜಿನಲ್ಲಿ ಕಲಿತ ಹಾಗೆ ಕುಂಡೆಯ ಮೇಲೆ ತೂಗುಬಿಟ್ಟರೆ ಭಾರ ಹಿಂದಕ್ಕೆ ಎಳೆಯುತ್ತದೆ. ಅದನ್ನು ತಡೆಯಲು ಬೆನ್ನು ಮುಂದಕ್ಕೆ ಬಾಗುತ್ತದೆ, ಕತ್ತು ಇನ್ನೂ ಮುಂದಕ್ಕೆ ಚಾಚಿಕೊಳ್ಳುತ್ತದೆ. ಭಾರ ಬೆನ್ನಿಗೆ ಹತ್ತಿರ ಇದ್ದಷ್ಟೂ ಈ ಎಳೆತ ಕಮ್ಮಿ. ಲ್ಯಾಪ್‌ಟಾಪ್ ಖಾನೆ ಬೆನ್ನಿನ ಕಡೆಯೇ ಇರಬೇಕು ಎನ್ನುವುದೂ ಇದಕ್ಕೇ.

ಹಾಗೇ ಹತ್ತು ನಿಮಿಷ ಅಂಗಡಿಯೊಳಗೆ ಓಡಾಡಿ. ಮಾರುವವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಎರಡು ನಿಮಿಷದಲ್ಲಿ ಗೊತ್ತಾಗದ್ದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಒಳಗೆ ಕೈ ಹಾಕಿ ನೋಡಿ

ಒಂದು ಕೈಯನ್ನು ಲ್ಯಾಪ್‌ಟಾಪ್ ಖಾನೆಯ ತಳದವರೆಗೆ ಇಳಿಸಿ, ಇನ್ನೊಂದು ಕೈಯನ್ನು ಬ್ಯಾಗಿನ ಅಡಿಗೆ ಹಿಡಿಯಿರಿ. ಎರಡರ ನಡುವೆ ಎರಡು ಬೆರಳಷ್ಟು ಅಂತರ ಇರಬೇಕು. ಅಂದರೆ ಖಾನೆ ಬ್ಯಾಗಿನ ತಳ ಮುಟ್ಟದೆ ಮೇಲೇ ನಿಂತಿರಬೇಕು. ಇದು ಇಲ್ಲದಿದ್ದರೆ ಬ್ಯಾಗನ್ನು ನೆಲಕ್ಕೆ ಕುಕ್ಕಿದಾಗಲೆಲ್ಲ ಪೆಟ್ಟು ನೇರ ಲ್ಯಾಪ್‌ಟಾಪಿನ ಮೂಲೆಗೇ. ಪಕ್ಕದ ಫೋಮ್ ಎಷ್ಟೇ ದಪ್ಪ ಇದ್ದರೂ ಕೆಳಗಿನ ಏಟು ತಡೆಯುವುದಿಲ್ಲ. ಸೀಟಿನ ಮೇಲೆ ಬ್ಯಾಗಿನ ತಳ ಊರಿ ಬೈಕ್ ಓಡಿಸುವವರು ಇದನ್ನು ನೋಡದೆ ತರಬೇಡಿ.

ಬಾಟಲಿ ಹೊರಗಿನ ಜೇಬಿನಲ್ಲೇ ಇರಲಿ. ಸಾರಿನ ಡಬ್ಬಿಗೂ ಲ್ಯಾಪ್‌ಟಾಪಿಗೂ ನಡುವೆ ಹೊಲಿದ ಅಡ್ಡಗೋಡೆ ಇರಬೇಕು, ಊಟದ ಖಾನೆಯ ಒಳಮೈ ಒರೆಸಲು ಬರುವಂತಿರಬೇಕು. ಹುಳಿ ಚೆಲ್ಲಿದ ವಾಸನೆ ಬಟ್ಟೆಗೆ ಹಿಡಿದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಯುಎಸ್‌ಬಿ ತೂತಿನ ವಿಷಯ. ಅದು ಸುಮ್ನೆ ಒಂದು ವೈರು. ಒಳಗೆ ಪವರ್ ಬ್ಯಾಂಕ್ ನೀವೇ ಇಡಬೇಕು, ಅದರ ತೂಕ ನೀವೇ ಹೊರಬೇಕು. ಅದಕ್ಕೆಂದು ನೂರು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಬಟ್ಟೆ, ಜಿಪ್, ಮಳೆ

ಚೀಟಿಯಲ್ಲಿ 600ಡಿ, 1680ಡಿ ಅಂತ ಬರೆದಿರುತ್ತಾರೆ. ಡಿ ಎಂದರೆ ಡೆನಿಯರ್, 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ. ಅಂಕಿ ಜಾಸ್ತಿ ಇದ್ದಷ್ಟೂ ನೂಲು ದಪ್ಪ, ಬ್ಯಾಗೂ ಭಾರ. ಆಫೀಸಿಗೆ ಒಳ್ಳೆಯ ನೇಯ್ಗೆಯ 600 ಡೆನಿಯರ್ ಪಾಲಿಯೆಸ್ಟರ್ ಸಾಕು.

ಜಿಪ್ಪಿನ ರನ್ನರ್ ಹಿಂಬದಿಯಲ್ಲಿ 5, 8, 10 ಎಂಬ ಅಂಕಿ ಇರುವುದುಂಟು. ಅಂಕಿ ದೊಡ್ಡದಾದಷ್ಟೂ ಹಲ್ಲು ಅಗಲ. ದೊಡ್ಡ ಖಾನೆಗೆ 8 ಅಥವಾ 10 ಇರಲಿ. ಸಾಮಾನು ತುಂಬಿ, ಒಂದೇ ಕೈಯಲ್ಲಿ ಮೂಲೆ ತಿರುಗಿಸಿ ಎಳೆಯಿರಿ. ಮೂಲೆಯಲ್ಲಿ ಸಿಕ್ಕಿಕೊಂಡರೆ ಬೇರೆ ನೋಡಿ. ರನ್ನರ್ ಸವೆದರೆ ಮಾರ್ಕೆಟ್ ಬಳಿಯ ಬ್ಯಾಗ್ ರಿಪೇರಿಯವರು ಸ್ವಲ್ಪ ದುಡ್ಡಿಗೆ ಬೇರೆ ಹಾಕಿಕೊಡುತ್ತಾರೆ. ಹಲ್ಲೇ ಹೋದರೆ ಪೂರಾ ಜಿಪ್ ಬಿಚ್ಚಿ ಹೊಲಿಯಬೇಕು, ಅದು ದುಬಾರಿ.

ಮಳೆಗೆ ಬ್ಯಾಗಿನ ಬಟ್ಟೆಯೊಂದನ್ನೇ ನಂಬಬೇಡಿ. ಬಟ್ಟೆ ನೀರು ತಡೆದರೂ ಜಿಪ್ಪಿನಿಂದ, ಹೊಲಿಗೆಯ ತೂತಿನಿಂದ ನೀರು ಇಳಿಯುತ್ತದೆ. ಬೆಂಗಳೂರಿನ ಸೆಪ್ಟೆಂಬರ್ ಸಂಜೆಯ ಮಳೆಗೆ ಒಂದು ಸಿಗ್ನಲ್‌ನಲ್ಲಿ ನಿಂತಿದ್ದರೂ ಸಾಕು. ಮಳೆ ಕವರ್ ಬೇಕೇ ಬೇಕು. ಹೊಳೆಯುವ ಬಣ್ಣದ್ದಾದರೆ ಹಿಂದೆ ಬರುವ ಗಾಡಿಯವರಿಗೂ ಕಾಣುತ್ತೀರಿ.

ತಂದ ಮೇಲೆ

ಆನ್‌ಲೈನ್‌ನಲ್ಲಿ ತರಿಸಿದರೆ ಚೀಟಿ ಕೀಳುವ ಮುನ್ನ ಸಾಮಾನು ತುಂಬಿ ಮನೆಯೊಳಗೇ ಅರ್ಧ ಗಂಟೆ ಹಾಕಿಕೊಳ್ಳಿ. ವಾಪಸ್ ಮಾಡುವ ಗಡುವು ಮುಗಿಯುವವರೆಗೆ ಬೀದಿಗೆ ಒಯ್ಯಬೇಡಿ. ಲ್ಯಾಪ್‌ಟಾಪನ್ನು ಬರೀ ಮುಚ್ಚಿ ಒಳಗಿಡದೆ ಶಟ್ ಡೌನ್ ಮಾಡಿ. ಕೆಲವು ಲ್ಯಾಪ್‌ಟಾಪ್ ಬ್ಯಾಗಿನೊಳಗೇ ಎಚ್ಚರಗೊಂಡು ಕಾಯುತ್ತವೆ. ಬ್ಯಾಗನ್ನು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಒಳಗಿನ ನೀರು ತಡೆಯುವ ಲೇಪ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಬಾಯಿ ತೆರೆದು ಒಣಗಿಸಿ. ಬಿಲ್ಲನ್ನು ಫೋಟೊ ತೆಗೆದಿಟ್ಟುಕೊಳ್ಳಿ. ವಾರಂಟಿ ಇರುವ ಬ್ಯಾಗಿನ ಜಿಪ್ಪು, ಹೊಲಿಗೆ ಹೋದರೆ ರಿಪೇರಿಗೆ ಕೇಳುವುದು ಅದನ್ನೇ.