ಐ7 ಹಾಕಿದೆ, ಫ್ಯಾನ್ ಹಳೆಯದೇ

ನನ್ನ ಗೇಮಿಂಗ್ ಲ್ಯಾಪ್‌ಟಾಪ್ 2014ರದ್ದು. ಇಂಟೆಲ್ ಐ5-4200ಎಂ ಪ್ರೊಸೆಸರ್, ಎನ್ವಿಡಿಯಾ ಜಿಟಿಎಕ್ಸ್ 850ಎಂ ಗ್ರಾಫಿಕ್ಸ್. ರ‍್ಯಾಮ್ ಹೆಚ್ಚಿಸಿದ್ದೆ, ಎಸ್‌ಎಸ್‌ಡಿ ಹಾಕಿದ್ದೆ. ಆದರೂ ಜಿಟಿಎ 5 ಆಟದಲ್ಲಿ ಊರೊಳಗೆ ಸ್ವಲ್ಪ ಜೋರಾಗಿ ಕಾರು ಓಡಿಸಿದರೆ ಸಾಕು, ತಡವರಿಸುತ್ತಿತ್ತು. ಅಳೆದು ನೋಡಿದರೆ ಪ್ರೊಸೆಸರ್ ಬಳಕೆ ಶೇಕಡ 100ಕ್ಕೆ ನಿಂತಿದೆ, ಗ್ರಾಫಿಕ್ಸ್ ಮಾತ್ರ ಅರ್ಧ ಕೆಲಸವಿಲ್ಲದೆ ಕೂತಿದೆ. ಇರುವುದು ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಎರಡೇ ಘಟಕ. ಆ ಆಟ ಕನಿಷ್ಠ ಅಂತ ಕೇಳುವುದೇ ನಾಲ್ಕು ಕೋರಿನ ಪ್ರೊಸೆಸರ್.

ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಬದಲಾಯಿಸಬಹುದಾ ಅಂತ ಕೇಳಿದರೆ ಈಗಿನವರು ನಗುತ್ತಾರೆ. ಈಗ ಎಲ್ಲವೂ ಬೋರ್ಡಿಗೇ ಬೆಸುಗೆ. ಇಂಟೆಲ್‌ನ ನಾಲ್ಕನೇ ತಲೆಮಾರಿನವರೆಗೆ ಹಾಗಿರಲಿಲ್ಲ. ಹೆಸರಿನ ಕೊನೆಯಲ್ಲಿ ‘ಎಂ’ ಅಥವಾ ‘ಎಂಕ್ಯೂ’ ಇದ್ದರೆ ಬಿಚ್ಚಿ ಹಾಕಬಹುದಾದ ಸಾಕೆಟ್, ‘ಯು’ ಅಥವಾ ‘ಎಚ್‌ಕ್ಯೂ’ ಇದ್ದರೆ ಬೆಸುಗೆ. ಪ್ರೊಸೆಸರಿನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದು ಪ್ಯಾಕೇಜ್ ಅನ್ನುವ ಸಾಲು ನೋಡಿದೆ. ಆರ್‌ಪಿಜಿಎ ಅಂತಿತ್ತು. ಅಂದರೆ ಸಾಕೆಟ್. ಇದೇ ಮಾದರಿಯನ್ನು ಕಂಪನಿ ಐ7-4700ಎಂಕ್ಯೂ ಹಾಕಿಯೂ ಮಾರಿತ್ತು, ಹಾಗಾಗಿ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಹೊಸ ಪ್ರೊಸೆಸರನ್ನು ಒಪ್ಪುತ್ತದೆ ಅನ್ನುವ ಧೈರ್ಯವಿತ್ತು.

ಆದರೆ ಆ ಐ7 ಮಾದರಿಯ ಒಳಗಿನ ಫೋಟೊ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅದರ, ಬಿಸಿ ಹೊರಗೆ ಸಾಗಿಸುವ ಹೀಟ್‌ಸಿಂಕ್‌ನಲ್ಲಿ ತಾಮ್ರದ ಪೈಪು ಎರಡು. ನನ್ನದರಲ್ಲಿ ಒಂದೇ. ಆ ಒಂದು ಪೈಪು ಪ್ರೊಸೆಸರ್ ಮೇಲೂ ಹೋಗುತ್ತದೆ, ಗ್ರಾಫಿಕ್ಸ್ ಚಿಪ್ ಮೇಲೂ ಹೋಗುತ್ತದೆ, ಕೊನೆಗೆ ಒಂದೇ ಫ್ಯಾನಿನ ಮುಂದೆ ಮುಗಿಯುತ್ತದೆ. ಎರಡು ನಲ್ಲಿಯ ನೀರು ಒಂದೇ ಬಚ್ಚಲಿಗೆ ಬಿಟ್ಟ ಹಾಗೆ. ನನ್ನ ಐ5 37 ವ್ಯಾಟಿನದು. 4700ಎಂಕ್ಯೂ 47 ವ್ಯಾಟ್. ಆ ಹೆಚ್ಚಿನ ಹತ್ತು ವ್ಯಾಟಿನ ಬಿಸಿ ಹೋಗುವುದೆಲ್ಲಿಗೆ?

ಇದಕ್ಕೆ ಸರಿಯಾದ ಉತ್ತರ ಐ7-4702ಎಂಕ್ಯೂ. ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು), ಆದರೂ 37 ವ್ಯಾಟ್. ಅದನ್ನೇ ಹುಡುಕಿಕೊಂಡು ಬೆಂಗಳೂರಿನಲ್ಲಿ ಕಂಪ್ಯೂಟರ್ ಭಾಗಗಳು ಸಿಗುವ ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದೆ. ಎಲ್ಲ ಕಡೆ ಸಿಗುತ್ತಿದ್ದದ್ದು 4700. ಒಂದು ಅಂಗಡಿಯಲ್ಲಿ 4702 ಕೇಳಿದ್ದಕ್ಕೆ, “ಸಾರ್, ಎರಡು ನಂಬರ್ ಜಾಸ್ತಿ ಆದ್ರೆ ಏನು ಬರತ್ತೆ, ಇದನ್ನೇ ಹಾಕ್ಕೊಳಿ” ಅಂದರು. ಸಾಕಾಗಿತ್ತು. ತಗೊಂಡೆ.

ಮನೆಗೆ ಬಂದು ಟಿಶ್ಯೂ ಬಿಚ್ಚಿದರೆ (ಹೌದು, ಟಿಶ್ಯೂ ಪೇಪರಿನಲ್ಲೇ ಸುತ್ತಿ ಕೊಟ್ಟಿದ್ದರು) ಮೂಲೆಯ ಒಂದು ಪಿನ್ ಬಾಗಿತ್ತು. ಲ್ಯಾಪ್‌ಟಾಪ್ ಪ್ರೊಸೆಸರಿನ ಪಿನ್‌ಗಳು ರಾಗಿ ಕಾಳಿಗಿಂತ ಗಿಡ್ಡ. ಹಳೆಯ ವಿಸಿಟಿಂಗ್ ಕಾರ್ಡಿನ ಅಂಚನ್ನು ಸಾಲಿನ ನಡುವೆ ತೂರಿಸಿ, ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಹತ್ತು ನಿಮಿಷ ಮೆಲ್ಲಗೆ ಸವರಿ ಸವರಿ ನೆಟ್ಟಗೆ ಮಾಡಿದೆ. ಉಸಿರು ಬಿಟ್ಟಿದ್ದು ಆಮೇಲೆ.

ಬಿಚ್ಚುವ ಕೆಲಸ ಅಷ್ಟೇನೂ ಕಷ್ಟವಲ್ಲ. ಬ್ಯಾಟರಿ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿರುತ್ತದೆ. ಬಿಚ್ಚುವಾಗ ಉಲ್ಟಾ. ಫ್ಯಾನ್ ತೆಗೆದಾಗ ಕಂಡದ್ದು ಧೂಳಲ್ಲ, ಕಂಬಳಿ. ತಾಮ್ರದ ರೆಕ್ಕೆಗಳಿಗೂ ಫ್ಯಾನಿಗೂ ನಡುವೆ ದಪ್ಪಗೆ ಕೂತಿತ್ತು, ಚಿಮಟದಲ್ಲಿ ಹಿಡಿದೆಳೆದರೆ ಒಂದೇ ತುಂಡಾಗಿ ಬಂತು. ಇಷ್ಟು ವರ್ಷ ಹೊರಗಿನಿಂದ ಬ್ಲೋವರ್ ಹಿಡಿದದ್ದೆಲ್ಲ ಸುಮ್ನೆ. ಚಿಪ್‌ನಿಂದ ಹೀಟ್‌ಸಿಂಕಿಗೆ ಬಿಸಿ ದಾಟಿಸಲು ಹಚ್ಚಿದ್ದ ಹಳೆಯ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು.

ಇಲ್ಲಿ ನಾನೊಂದು ಒಳ್ಳೆಯ ಕೆಲಸ ಮಾಡಿದೆ. ಹೊಸ ಪ್ರೊಸೆಸರ್ ತಕ್ಷಣ ಹಾಕಲಿಲ್ಲ. ಎಲ್ಲ ಶುಚಿ ಮಾಡಿ, ಹೊಸ ಪೇಸ್ಟ್ ಹಚ್ಚಿ, ಹಳೆಯ ಐ5 ಜೊತೆಗೇ ಒಂದು ವಾರ ಓಡಿಸಿದೆ. ಆಟದಲ್ಲಿ 91 ಡಿಗ್ರಿ ಇದ್ದದ್ದು 78ಕ್ಕೆ ಇಳಿಯಿತು. ಅಂದರೆ ನನ್ನ ಹೀಟ್‌ಸಿಂಕಿನ ನಿಜವಾದ ತಾಕತ್ತು ಎಷ್ಟು ಅಂತ ಆಗ ಗೊತ್ತಾಯಿತು. ಇದನ್ನು ಅಳೆಯದೆ ಐ7 ಹಾಕಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುತ್ತಲೇ ಇರಲಿಲ್ಲ.

ಮುಂದಿನ ವಾರ ಐ7 ಹಾಕಿದೆ. ಸಾಕೆಟ್ ಪಕ್ಕದ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದರೆ ಪ್ರೊಸೆಸರ್ ತಾನಾಗಿ ಸಡಿಲವಾಗುತ್ತದೆ. ಹೊಸದನ್ನು ತ್ರಿಕೋನದ ಗುರುತು ನೋಡಿ ಇಟ್ಟೆ, ಒತ್ತುವುದೇ ಬೇಡ, ಕೂರುತ್ತದೆ. ಆನ್ ಮಾಡಿದೆ. ಎರಡು ಸಲ ತಾನೇ ಆರಿ ಹತ್ತಿತು. ಮೂರನೇ ಸಲಕ್ಕೆ ಬಯಾಸ್‌ನಲ್ಲಿ ಹೊಸ ಹೆಸರು. ಖುಷಿಯಿಂದ ಕುಣಿದೆ. ಐದೇ ನಿಮಿಷ. ಏನೂ ಮಾಡದೆ ಸುಮ್ಮನಿದ್ದಾಗಲೇ 74 ಡಿಗ್ರಿ, ಆಟ ತೆರೆದ ಕೂಡಲೇ 99.

ಬಿಚ್ಚಿ ನೋಡಿದರೆ ಪೇಸ್ಟ್ ಚಿಪ್‌ನ ಅರ್ಧಕ್ಕೆ ಮಾತ್ರ ಹರಡಿತ್ತು. ಆತುರದಲ್ಲಿ 1ನೇ ಸ್ಕ್ರೂವನ್ನೇ ಪೂರ್ತಿ ಬಿಗಿದಿದ್ದೆ, ಎದುರಿನ ಮೂಲೆ ಎದ್ದು ನಿಂತಿತ್ತು. ಲ್ಯಾಪ್‌ಟಾಪ್ ಪ್ರೊಸೆಸರಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಬರೀ ಸಿಲಿಕಾನ್. ಮೂಲೆ ಮುಕ್ಕಾಗದೆ ಉಳಿದದ್ದೇ ಪುಣ್ಯ. ಎರಡನೇ ಸಲ ನಾಲ್ಕೂ ಸ್ಕ್ರೂಗಳನ್ನು ಒಂದೊಂದು ಸುತ್ತಿನಂತೆ ಸರದಿಯಲ್ಲಿ ಬಿಗಿದೆ. ಆಟದಲ್ಲಿ 94. ಸುರಕ್ಷಿತ, ಆದರೆ ಇಪ್ಪತ್ತು ನಿಮಿಷ ಕಳೆದ ಮೇಲೆ ಗ್ರಾಫಿಕ್ಸ್ ಚಿಪ್ಪೂ ಬಿಸಿಯೇರುತ್ತಿತ್ತು. ಎಲ್ಲ ಒಂದೇ ಪೈಪಲ್ವಾ.

ಇನ್ನು ಉಳಿದದ್ದು ಸ್ಕ್ರೂಡ್ರೈವರ್ ಕೆಲಸವಲ್ಲ. ಥ್ರಾಟಲ್‌ಸ್ಟಾಪ್ ಅನ್ನುವ ಸಣ್ಣ ತಂತ್ರಾಂಶದಲ್ಲಿ ಎರಡು ಕೆಲಸ ಮಾಡಿದೆ. ಮೊದಲನೆಯದು, ವೋಲ್ಟೇಜ್ ಇಳಿಸಿದ್ದು. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕ ಹಾಗೆ ಏರಿಳಿಯುತ್ತದೆ. 1 ವೋಲ್ಟ್ ಇದ್ದದ್ದನ್ನು 0.94ಕ್ಕೆ ತಂದರೆ ವೇಗ ಕಡಿಮೆಯಾಗದೆಯೇ ಬಿಸಿ ಸುಮಾರು ಶೇಕಡ 12 ಇಳಿಯಬೇಕು. ಹತ್ತು ಹತ್ತು ಮಿಲಿವೋಲ್ಟಿನಂತೆ ಇಳಿಸುತ್ತ ಹೋದೆ. 80 ಮಿಲಿವೋಲ್ಟ್ ಇಳಿಸಿದಾಗ ನೀಲಿ ಪರದೆ ಬಂತು, ಅಂದರೆ ವಿಂಡೋಸ್ ಕುಸಿದು ನಿಂತಿತು. 60ಕ್ಕೆ ವಾಪಸ್ ಬಂದು ಅಲ್ಲೇ ನಿಲ್ಲಿಸಿದೆ.

ಎರಡನೆಯದು ವ್ಯಾಟಿನ ಮಿತಿ. 47 ಅನ್ನುವುದು ಕಂಪನಿ ಹಾಕಿದ ಗೆರೆ. ಅದನ್ನು ಮೇಲೆ ಎಳೆಯುವುದು ಕಷ್ಟ, ಕೆಳಗೆ ಎಳೆಯಲು ಯಾರೂ ತಡೆಯುವುದಿಲ್ಲ. 37 ಅಂತ ಬರೆದೆ. 4702 ಸಿಗಲಿಲ್ಲ ಅಂತ ಎರಡು ಶನಿವಾರ ಕೊರಗಿದ್ದೆ. 4700ಕ್ಕೆ ಅದರ ವೇಷ ಹಾಕಿಸಲು ಎರಡು ನಿಮಿಷ ಸಾಕಾಯಿತು. ಅಂಗಡಿಯವರು ಹೇಳಿದ್ದರಲ್ಲಿ ಹುರುಳಿತ್ತು ಅನ್ನಿ, ಅವರಿಗೆ ಬೇರೆ ಕಾರಣ ಇದ್ದಿರಬಹುದು ಅಷ್ಟೆ.

ಈಗ ಆಟದಲ್ಲಿ 82 ಡಿಗ್ರಿ. ನಾಲ್ಕೂ ಕೋರ್ ಒಟ್ಟಿಗೆ ದುಡಿಯುವಾಗ ವೇಗ 2.7 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಐ5 ಇದಕ್ಕಿಂತ ಜಾಸ್ತಿ ವೇಗದಲ್ಲೇ ಓಡುತ್ತಿತ್ತು, ಆದರೂ ಆಟದ ತಡವರಿಕೆ ಹೋಗಿದೆ. ಫ್ರೇಮ್ ಎಣಿಕೆ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳು) ತುಂಬಾ ಏರಿಲ್ಲ. ಏರಿಳಿತ ನಿಂತಿದೆ, ನನಗೆ ಬೇಕಾದದ್ದೂ ಅದೇ.

ಒಂದು ತಾಪತ್ರಯ ಉಳಿದಿದೆ. ಈ ಲೆಕ್ಕವೆಲ್ಲ ಬೆಂಗಳೂರಿನ ಡಿಸೆಂಬರಿನದು. ಏಪ್ರಿಲ್‌ನಲ್ಲಿ ಬಳ್ಳಾರಿಯ ಮನೆಗೆ ಹೋದಾಗ ಕೋಣೆಯೊಳಗೇ 37 ಡಿಗ್ರಿ. ಕೋಣೆ ಎಷ್ಟು ಏರಿತೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರಿತು, ಮತ್ತೆ 94. ಥ್ರಾಟಲ್‌ಸ್ಟಾಪ್‌ನಲ್ಲಿ ‘ಬಳ್ಳಾರಿ’ ಅಂತಲೇ ಒಂದು ಪ್ರೊಫೈಲ್ ಮಾಡಿಟ್ಟಿದ್ದೇನೆ, 30 ವ್ಯಾಟಿನದು. ಹಗಲು ಅದು. ರಾತ್ರಿ ಹನ್ನೊಂದರ ಮೇಲೆ, ಅಮ್ಮ ಟೇಬಲ್ ಫ್ಯಾನ್ ಬಿಟ್ಟುಕೊಟ್ಟರೆ, 37 ವ್ಯಾಟ್.