ಉತ್ತರದ ಮೇಲೆ ರಟ್ಟು

ಬಿಎಸ್ಸಿ ಕೊನೇ ವರ್ಷ ಕ್ವಾಂಟಂ ಮೆಕ್ಯಾನಿಕ್ಸ್, ಅಂದರೆ ಎಲೆಕ್ಟ್ರಾನಿನಂಥ ಅತಿಸಣ್ಣ ಕಣಗಳ ಭೌತಶಾಸ್ತ್ರ ಶುರುವಾದಾಗ ನನ್ನ ಹತ್ತಿರ ಇದ್ದದ್ದು ಕ್ಲಾಸ್ ನೋಟ್ಸ್, ಹಳೇ ಪ್ರಶ್ನೆಪತ್ರಿಕೆಗಳ ಒಂದು ಜೆರಾಕ್ಸ್ ಕಟ್ಟು, ಅಷ್ಟೇ. ಅದರ ಮೂಲ ಸೂತ್ರವಾದ ಶ್ರೋಡಿಂಗರ್ ಸಮೀಕರಣವನ್ನು ನಿದ್ದೆಗಣ್ಣಲ್ಲೂ ಬರೆಯುತ್ತಿದ್ದೆ. ಒಂದು ನ್ಯಾನೋಮೀಟರ್ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನಿನ ಕನಿಷ್ಠ ಶಕ್ತಿ ಎಷ್ಟು ಅಂದರೆ ಮಾತ್ರ ಪೆನ್ನು ನಿಂತುಬಿಡುತ್ತಿತ್ತು.

ದಾವಣಗೆರೆಯ ವಿದ್ಯಾನಗರದ ರೂಮಿನಲ್ಲಿ ಕೂತು ಸಿಕ್ಕಸಿಕ್ಕ ಪಿಡಿಎಫ್ ಎಲ್ಲ ಇಳಿಸಿಕೊಂಡೆ. ಬಿಡಿಸಿದ ಲೆಕ್ಕಗಳನ್ನು ಕಾದಂಬರಿ ಓದಿದ ಹಾಗೆ ಓದಿದೆ. ಓದುವಾಗ ಎಲ್ಲ ಸಲೀಸು, ಇಂಟರ್ನಲ್ಸಿನಲ್ಲಿ ಇಪ್ಪತ್ತಕ್ಕೆ ಏಳು. ಸೀನಿಯರ್ ಅಕ್ಕ ಒಬ್ಬರು ನೋಡಿ, "ಒಂದೇ ಪುಸ್ತಕ ಹಿಡ್ಕೊಳೋ, ಉತ್ತರದ ಮೇಲೆ ರಟ್ಟು ಇಟ್ಟು ಮಾಡು" ಅಂದರು. ಲೈಬ್ರರಿಯಲ್ಲಿ ಜೆಟಿಲಿ ಬರೆದ ಪುಸ್ತಕ ಸಿಕ್ಕಿತು. ಪ್ರತಿ ಅಧ್ಯಾಯದ ಕೊನೆಗೆ ಬಿಡಿಸಿದ ಲೆಕ್ಕಗಳಿವೆ, ಆಮೇಲೆ ನಮಗೇ ಬಿಟ್ಟ ಲೆಕ್ಕಗಳು. ಗ್ರಿಫಿತ್ಸ್ ಬರೆದ ಪುಸ್ತಕ ಓದಲು ಹಿತ, ಆದರೆ ಅದರ ಅಭ್ಯಾಸದ ಲೆಕ್ಕಗಳಿಗೆ ಪುಸ್ತಕದೊಳಗೆ ಪರಿಹಾರವಿಲ್ಲ. ಒಬ್ಬನೇ ಕೂತು ಕಲಿಯುವವನಿಗೆ ಅದು ಎರಡನೇ ಪುಸ್ತಕ.

ರಟ್ಟು ಇಟ್ಟ ಮೊದಲ ವಾರವೇ ಎಡವಿದೆ. ಅದೇ ಒಂದು ನ್ಯಾನೋಮೀಟರ್ ಪೆಟ್ಟಿಗೆ. ನನಗೆ ಬಂದದ್ದು 14.8 ಎಲೆಕ್ಟ್ರಾನ್ ವೋಲ್ಟ್ (ಈ ಲೆಕ್ಕಗಳಲ್ಲಿ ಶಕ್ತಿ ಅಳೆಯುವ ಯೂನಿಟ್), ರಟ್ಟಿನ ಕೆಳಗೆ 0.376. ಪುಸ್ತಕದ್ದೇ ತಪ್ಪು ಅಂತ ಎರಡು ದಿನ ಮೆರೆದೆ. ಆಗಿದ್ದು ಇಷ್ಟು: ಪೆಟ್ಟಿಗೆ ಸೊನ್ನೆಯಿಂದ ಶುರುವಾದರೆ ಸೂತ್ರದ ಛೇದದಲ್ಲಿ 8, ಮೇಲೆ ಬರೀ ಎಚ್ ವರ್ಗ (ಎಚ್ ಅಂದರೆ ಪ್ಲಾಂಕ್ ಸ್ಥಿರಾಂಕ). ನನ್ನ ನೋಟ್ಸಿನಲ್ಲಿ ಪೆಟ್ಟಿಗೆಯ ನಡುಮಧ್ಯ ಸೊನ್ನೆ, ಅರ್ಧ ಅಗಲಕ್ಕೆ ಒಂದು ಅಕ್ಷರ. ಅಲ್ಲೂ ಛೇದದಲ್ಲಿ 8, ಆದರೆ ಮೇಲೆ ಪೈ ವರ್ಗ, ಎಚ್-ಬಾರ್ ವರ್ಗ. ಎಚ್-ಬಾರ್ ಅಂದರೆ ಎಚ್ ಅನ್ನು ಎರಡು ಪೈನಿಂದ ಭಾಗಿಸಿದ್ದು. ಆ ಬಾರ್ ನನ್ನ ಕೈಯಿಂದ ಜಾರಿತ್ತು. ಉತ್ತರ ಸುಮಾರು ನಲವತ್ತು ಪಟ್ಟು ಉಬ್ಬಿತು. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕಲು ಬೇಕಾದ 13.6ರ ಮಗ್ಗುಲಲ್ಲೇ ಇದ್ದುದರಿಂದ ಅನುಮಾನವೂ ಬರಲಿಲ್ಲ! ಬರಬೇಕಿತ್ತು. ಪೆಟ್ಟಿಗೆ ಆ ಪರಮಾಣುವಿಗಿಂತ ಹತ್ತು ಪಟ್ಟು ಅಗಲ, ಅಗಲದ ವರ್ಗಕ್ಕೆ ತಕ್ಕಂತೆ ಶಕ್ತಿ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಬರಲು ದಾರಿಯೇ ಇಲ್ಲ.

ಅಲ್ಲಿಂದ ರಟ್ಟು ತೆಗೆಯುವ ಮುಂಚೆ ಅಂಚಿನಲ್ಲಿ ಅಂದಾಜು ಬರೆಯತೊಡಗಿದೆ: ಯೂನಿಟ್ ಸರಿಯೇ, ಸರಾಸರಿ ಸ್ಥಾನ ಪೆಟ್ಟಿಗೆಯ ಮಧ್ಯಕ್ಕೆ ಬಂತೇ. ಎಂಎಸ್ಸಿ ಪ್ರವೇಶ ಪರೀಕ್ಷೆಯಾದ ಐಐಟಿ ಜ್ಯಾಮ್‌ನ ಹಳೇ ಪತ್ರಿಕೆಗಳು ಇದಕ್ಕೆ ಚೆನ್ನ. ಕೀ ಉತ್ತರ ಮಾತ್ರ ಇರುತ್ತದೆ, ದಾರಿ ನಾವೇ ಹುಡುಕಬೇಕು. ಅಮೆರಿಕದ ಎಂಐಟಿಯ ಕ್ವಾಂಟಂ ಕೋರ್ಸು 8.04ರ ಪಾಠ, ಅಸೈನ್‌ಮೆಂಟ್ ಅವರ ಓಪನ್‌ಕೋರ್ಸ್‌ವೇರ್ ಜಾಲತಾಣದಲ್ಲಿ ಪುಕ್ಕಟೆ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮದ್ರಾಸಿನ ಬಾಲಕೃಷ್ಣನ್ ಅವರ ಪಾಠ ಅದ್ಭುತ, ಆದರೆ ಮೊದಲ ಸಲಕ್ಕೆ ಏರು ಜಾಸ್ತಿ. ನಾನು ಲೆಕ್ಕ ಮಾಡಿ ಆಮೇಲೆ ನೋಡಿದೆ.

ಟನಲಿಂಗ್, ಅಂದರೆ ಹತ್ತುವಷ್ಟು ಶಕ್ತಿಯಿಲ್ಲದ ಕಣ ಗೋಡೆಯನ್ನೇ ತೂರಿ ಆಚೆ ಹೋಗುವುದು. ಅದಕ್ಕೆ ಮಾತ್ರ ಲೆಕ್ಕ ಸಾಲದೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್ ಹಾಕಿಕೊಂಡು ಕೂತೆವು. ರೂಮ್‌ಮೇಟ್ ಚಿತ್ರದುರ್ಗದವನು. "ನಮ್ಮ ಓಬವ್ವನ ಕಿಂಡಿ ಇದ್ದಂಗೆ" ಅಂದ. ಅಲ್ಲಪ್ಪ, ಇಲ್ಲಿ ಕಿಂಡಿಯೇ ಇಲ್ಲ, ಇಡೀ ಗೋಡೆ ಗಟ್ಟಿ ಅಂದೆ. ಗೋಡೆ ಹತ್ತಲು ಎಲೆಕ್ಟ್ರಾನಿಗೆ ಒಂದು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕಮ್ಮಿ ಬಿದ್ದಿದೆ ಅನ್ನು. ಗೋಡೆ ಅರ್ಧ ನ್ಯಾನೋಮೀಟರ್ ಇದ್ದದ್ದು ಒಂದಾದರೆ ದಾಟುವ ಸಾಧ್ಯತೆ ನೂರೈವತ್ತು ಪಟ್ಟಿಗೂ ಹೆಚ್ಚು ಕುಸಿಯುತ್ತೆ, ಆದರೂ ಸೊನ್ನೆ ಆಗಲ್ಲ ಅಂತ ಲೆಕ್ಕ ಹಾಕಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ಪರದೆ ನೋಡಿ ಕೇಳಿದ: "ಹಂಗಾದ್ರೆ ಓಬವ್ವ ಒನಕೆ ಹಿಡ್ಕೊಂಡು ಎಲ್ಲಿ ಅಂತ ನಿಲ್ಬೇಕಿತ್ತಲೇ?"