ಊಟಕ್ಕೆ ಮೊದಲೇ ದಕ್ಷಿಣೆ: ಕ್ರೂಸ್ ಹಡಗಿನ ಟಿಪ್ಸ್ ಮುಂಗಡ ಕಟ್ಟಿದ ಅನುಭವ

ಬ್ಯಾಂಕಿನಿಂದ ನಿವೃತ್ತನಾದರೂ ಲೆಕ್ಕದ ಪುಸ್ತಕ ನನ್ನನ್ನು ಬಿಟ್ಟಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವ ನಮ್ಮ ಗುಂಪು ಎಲ್ಲಿಗೆ ಹೊರಟರೂ ಖಜಾಂಚಿ ನಾನೇ. ಸಿಂಗಪುರದಿಂದ ಪೆನಾಂಗ್ ಮತ್ತು ಫುಕೆಟ್ ನೋಡಿಕೊಂಡು ಮರಳುವ ನಾಲ್ಕು ರಾತ್ರಿಗಳ ಕ್ರೂಸ್ ಹೋಗುವುದೆಂದು 2025ರ ಫೆಬ್ರವರಿಯಲ್ಲಿ ತೀರ್ಮಾನವಾಯಿತು. ಆರು ದಂಪತಿಗಳು, ಆರು ಕೋಣೆ. ಏಜೆಂಟರು ಕಳುಹಿಸಿದ ಕೊಟೇಶನ್ನಿನಲ್ಲಿ ಹಡಗಿನ ದರ, ಬಂದರು ಶುಲ್ಕ, ತೆರಿಗೆ ಎಲ್ಲವೂ ದಪ್ಪ ಅಕ್ಷರಗಳಲ್ಲಿದ್ದವು. ಎಲ್ಲಕ್ಕಿಂತ ಕೆಳಗೆ, ಕನ್ನಡಕ ಸರಿಪಡಿಸಿಕೊಂಡು ಓದಬೇಕಾದ ಗಾತ್ರದಲ್ಲಿ, ಸಿಬ್ಬಂದಿಯ ಟಿಪ್ಸ್ ಇದರಲ್ಲಿ ಸೇರಿಲ್ಲ ಎಂಬ ಒಂದು ಸಾಲಿತ್ತು.

ವಿಚಾರಿಸಿದಾಗ ಗೊತ್ತಾದದ್ದು ಇಷ್ಟು. ನಾವು ಆರಿಸಿಕೊಂಡಿದ್ದ ರಾಯಲ್ ಕೆರಿಬಿಯನ್ ಕಂಪನಿಯ ಹಡಗಿನಲ್ಲಿ ಆಗ ಸಾಮಾನ್ಯ ಕೋಣೆಯವರಿಗೆ ತಲೆಗೆ ದಿನಕ್ಕೆ 18.50 ಡಾಲರ್, ಸೂಟ್ ಎಂಬ ದೊಡ್ಡ ಕೋಣೆಯಲ್ಲಿ ಇರುವವರಿಗೆ 21 ಡಾಲರ್. ಮೊದಲೇ ಕಟ್ಟದಿದ್ದರೆ ಹಡಗಿನಲ್ಲಿ ನಮ್ಮ ಖಾತೆಗೆ ದಿನವೂ ತಾನಾಗಿ ಖರ್ಚು ಬೀಳುತ್ತದೆ. ಹನ್ನೆರಡು ಜನ, ನಾಲ್ಕು ದಿನ: 888 ಡಾಲರ್. ಅಂದಿನ ವಿನಿಮಯ ದರದಲ್ಲಿ ಎಪ್ಪತ್ತೈದು ಸಾವಿರ ರೂಪಾಯಿ ದಾಟಿತು.

ಈ ಅಂಕಿಯನ್ನು ಗುಂಪಿನ ಮುಂದಿಟ್ಟಾಗ ಮೊದಲು ಬಾಯಿ ತೆರೆದವರು ನಮ್ಮ ಸಂಸ್ಕೃತ ಮೇಷ್ಟ್ರು. "ಅಲ್ಲ ಸ್ವಾಮಿ, ದಕ್ಷಿಣೆ ಕೊಡುವುದು ಊಟವಾಗಿ, ಕೈ ತೊಳೆದ ಮೇಲೆ. ಎಲೆ ಹಾಕುವ ಮೊದಲೇ ದಕ್ಷಿಣೆ ಕೇಳುವ ಮನೆಗೆ ಯಾರಾದರೂ ಹೋಗುತ್ತಾರೆಯೇ?" ಎಂದರು. ಎಲ್ಲರೂ ನಕ್ಕರು. ಆದರೆ ನಗುವಿನ ಹಿಂದೆ ಒಪ್ಪಿಗೆಯೂ ಇತ್ತು. ಸೇವೆ ಹೇಗಿದೆ ಎಂದು ನೋಡದೆ ಬಕ್ಷೀಸು ಕೊಡುವುದು ನಮ್ಮ ಜಾಯಮಾನಕ್ಕೆ ಒಗ್ಗದ ಮಾತು. ಹೋಟೆಲಿನಲ್ಲಿ ಬಿಲ್ಲಿನ ತಟ್ಟೆಯ ಮೇಲೆ ಸೋಂಪಿನ ಜೊತೆ ಬಿಟ್ಟುಬರುವ ಹತ್ತಿಪ್ಪತ್ತು ರೂಪಾಯಿಯೂ ಮಾಣಿಯ ಮುಖ ನೋಡಿಯೇ ತೀರ್ಮಾನವಾಗುತ್ತದೆ.

ನಾನು ಹೇಳಿದ್ದು, ಇದನ್ನು ಬಕ್ಷೀಸು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ, ಟಿಕೆಟ್ಟಿನ ಉಳಿದ ಭಾಗ ಎಂದುಕೊಳ್ಳಿ ಎಂದು. ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟದಡಿ ನೋಂದಣಿಯಾಗಿರುತ್ತವೆ. ನಾವು ಹತ್ತಿದ ಹಡಗಿನ ಹಿಂಬದಿಯಲ್ಲಿ ಬರೆದಿದ್ದ ಊರು ಬಹಾಮಾಸ್‌ನ ರಾಜಧಾನಿ ನಸ್ಸಾವ್. ಕಂಪನಿಯ ಮುಖ್ಯ ಕಚೇರಿ ಮಯಾಮಿಯಲ್ಲಿದ್ದರೂ ಅಮೆರಿಕದ ಕನಿಷ್ಠ ವೇತನದ ಕಾನೂನು ಆ ಹಡಗಿನ ಸಿಬ್ಬಂದಿಗೆ ಅನ್ವಯಿಸುವುದಿಲ್ಲ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ದುಡಿಮೆಯ ಗಂಟೆ, ವಿಶ್ರಾಂತಿ, ಊಟ, ವಸತಿಗೆ ಒಂದು ಮಟ್ಟ ಹಾಕಿಕೊಟ್ಟಿದೆ. ಆದರೆ ಕೋಣೆ ಗುಡಿಸುವವರ, ಬಡಿಸುವವರ ಸಂಪಾದನೆಯ ದೊಡ್ಡ ಪಾಲು ಈ ಟಿಪ್ಸ್‌ನಿಂದಲೇ ಬರುವಂತೆ ಈ ಉದ್ಯಮ ತನ್ನ ಲೆಕ್ಕವನ್ನು ಕಟ್ಟಿಕೊಂಡಿದೆ. ಜಾಹೀರಾತಿನಲ್ಲಿ ದರ ಕಡಿಮೆ ಕಾಣಲಿ ಎಂದು ಸಂಬಳದ ಒಂದು ಭಾಗವನ್ನು ಟಿಕೆಟ್ಟಿನಿಂದ ಹೊರಗಿಡುವ ಈ ಪದ್ಧತಿ ನನಗೆ ಹಿಡಿಸುವುದಿಲ್ಲ. ಬ್ರಿಟನ್ನಿನ ಪಿ ಅಂಡ್ ಒ ಕಂಪನಿ 2019ರಲ್ಲಿ ಪ್ರತ್ಯೇಕ ಸೇವಾ ಶುಲ್ಕವನ್ನೇ ಕೈಬಿಟ್ಟಿತು. ಸಿಲ್ವರ್‌ಸೀ, ರೀಜೆಂಟ್ ಕಂಪನಿಗಳ ದರದಲ್ಲಿ ಟಿಪ್ಸ್ ಸೇರಿಯೇ ಇರುತ್ತದೆ. ಎಲ್ಲರೂ ಹಾಗೆ ಮಾಡಬಾರದೇ ಎಂದು ಕೇಳಬಹುದು. ಕೇಳಬೇಕಾದದ್ದು ಕಂಪನಿಯನ್ನು. ಆ ಸಿಟ್ಟನ್ನು ಹಾಸಿಗೆ ಹಾಸುವ ಹುಡುಗನ ಪಾಲಿನಿಂದ ಕಳೆಯುವುದು ನ್ಯಾಯವಲ್ಲ.

ಕೊಡುವುದೆಂದ ಮೇಲೆ ಮೊದಲೇ ಏಕೆ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ನನ್ನ ಹತ್ತಿರ ಅಂಕಿಗಳಲ್ಲಿ ಉತ್ತರವಿತ್ತು. ಇದೇ ಕಂಪನಿಯ ದಿನದ ದರ 2022ರ ಸೆಪ್ಟೆಂಬರ್‌ಗೆ ಮುಂಚೆ 14.50 ಡಾಲರ್ ಇತ್ತು. ಆಮೇಲೆ 16 ಆಯಿತು, 2023ರ ನವೆಂಬರ್‌ನಲ್ಲಿ 18 ಆಯಿತು, ಮರುವರ್ಷ ಮತ್ತೆ ಅರ್ಧ ಡಾಲರ್ ಏರಿತು. ದರ ಏರುವ ಮೊದಲೇ ಕಟ್ಟಿದವರಿಂದ ವ್ಯತ್ಯಾಸವನ್ನು ವಸೂಲು ಮಾಡುವುದಿಲ್ಲ. ನಮ್ಮಂತೆ ಏಳೆಂಟು ತಿಂಗಳು ಮೊದಲೇ ಕಾಯ್ದಿರಿಸುವವರಿಗೆ ಇದು ಸಣ್ಣ ಲಾಭ.

ದೊಡ್ಡ ಲಾಭ ಬೇರೆಯೇ ಇದೆ, ಅದು ಗುಂಪಿನ ಶಾಂತಿ. ಮೊಬೈಲ್‌ನಲ್ಲಿ ಹಡಗಿನ ಆ್ಯಪ್ ತೆರೆದಾಗ ಪ್ರತಿದಿನ ಒಂದು ಕೋಣೆಗೆ 37 ಡಾಲರ್ ಹೊಸದಾಗಿ ಖರ್ಚು ಬಿದ್ದಿರುವುದನ್ನು ಕಂಡರೆ ಪಿಂಚಣಿದಾರನ ಎದೆ ಧಸಕ್ಕೆನ್ನುತ್ತದೆ. ಕೂಡಲೇ ಅದನ್ನು ಆಗಿನ ಡಾಲರ್ ದರ ಎಂಬತ್ತಾರರಿಂದ ಗುಣಿಸಿ ನೋಡುತ್ತಾರೆ. ಗುಣಿಸಿದ ಮೇಲೆ ಐಸ್‌ಕ್ರೀಮ್ ಕೂಡ ರುಚಿಸುವುದಿಲ್ಲ. ಅದೇ ಹಣ ಆರು ತಿಂಗಳ ಹಿಂದೆ ಮೈಸೂರಿನಲ್ಲೇ ಕೈಬಿಟ್ಟು ಹೋಗಿದ್ದರೆ, ಅದು ಮರೆತುಹೋದ ನೋವು.

ಕಟ್ಟುವುದಕ್ಕೆ ಎರಡು ದಾರಿಗಳಿದ್ದವು. ಕಂಪನಿಯ ಜಾಲತಾಣದಲ್ಲಿ ಬುಕಿಂಗ್ ಸಂಖ್ಯೆ ಕೊಟ್ಟು ನಮ್ಮ ಕಾರ್ಡಿನಿಂದಲೇ ಡಾಲರಿನಲ್ಲಿ ಪಾವತಿಸುವುದು ಒಂದು. ಏಜೆಂಟರಿಗೆ ರೂಪಾಯಿಯಲ್ಲಿ ಕೊಟ್ಟು ಪ್ಯಾಕೇಜಿನ ಭಾಗವಾಗಿಯೇ ಕಟ್ಟಿಸುವುದು ಇನ್ನೊಂದು. ನನ್ನ ಕಾರ್ಡಿಗೆ ವಿದೇಶಿ ಕರೆನ್ಸಿ ಶುಲ್ಕ ಶೇ 3.5, ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು ಶೇ 4.13. ಏಜೆಂಟರ ಮೂಲಕ ಹೋದರೆ ಪ್ಯಾಕೇಜಿನ ಮೇಲೆ ಶೇ 5 ಜಿಎಸ್‌ಟಿ, ಜೊತೆಗೆ ಏಜೆಂಟರೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಅಂದರೆ ಟಿಸಿಎಸ್, ಆಗ ಶೇ 5 ಇತ್ತು. ಅವರ ಡಾಲರ್ ದರವೂ ಬ್ಯಾಂಕಿನ ದರಕ್ಕಿಂತ ಒಂದೂವರೆ ರೂಪಾಯಿ ಮೇಲಿತ್ತು. ಟಿಸಿಎಸ್ ನಮ್ಮ ಪ್ಯಾನ್‌ಗೆ ಜಮೆಯಾಗಿ ನಮ್ಮ ತೆರಿಗೆ ವಿವರಪಟ್ಟಿಯಲ್ಲಿ ಕಾಣಿಸಿಕೊಳ್ಳುವುದರಿಂದ ರಿಟರ್ನ್ಸ್ ಸಲ್ಲಿಸುವವರಿಗೆ ಅದು ನಷ್ಟವಲ್ಲ. ಅದನ್ನು ಬಿಟ್ಟು ನೋಡಿದರೆ ಎರಡು ದಾರಿಗಳ ನಡುವಿನ ಅಂತರ ತಲೆಗೆ ಇನ್ನೂರು ರೂಪಾಯಿಯ ಒಳಗೇ ಇತ್ತು. ಗುಂಪಿನಲ್ಲಿ ಇಬ್ಬರ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಚಾಲೂ ಆಗಿರಲೇ ಇಲ್ಲ. ಎಲ್ಲರ ಹಣವನ್ನೂ ನನ್ನ ಕಾರ್ಡಿನಿಂದ ಕಟ್ಟಿ ಆಮೇಲೆ ಮನೆಮನೆಗೆ ವಸೂಲಿಗೆ ಹೋಗುವ ಉತ್ಸಾಹ ನನಗೂ ಇರಲಿಲ್ಲ. ಏಜೆಂಟರ ದಾರಿಯೇ ಆಯಿತು.

ಹಣ ಕೊಟ್ಟ ಮೇಲೆ ನಾನು ಪಟ್ಟುಹಿಡಿದು ಮಾಡಿಸಿದ ಕೆಲಸ ಒಂದಿದೆ: ಕಂಪನಿಯ ಇನ್‌ವಾಯ್ಸನ್ನೇ ಕೋಣೆವಾರು ತರಿಸಿಕೊಂಡೆ. ಏಜೆಂಟರ ರಸೀದಿ ಏಜೆಂಟರ ಮಾತು ಮಾತ್ರ. ಕಂಪನಿಯ ಇನ್‌ವಾಯ್ಸಿನಲ್ಲಿ ಟಿಪ್ಸ್ ಮುಂಗಡವಾಗಿ ಸಂದಿದೆ ಎಂಬ ಸಾಲು, ಅದರ ಮುಂದೆ ಕೋಣೆಗೆ 148 ಡಾಲರ್ ಎಂಬ ಅಂಕಿ ಇರಬೇಕು. ಐದು ಕೋಣೆಗಳಿಗೆ ಅದು ಸರಿಯಾಗಿ ಬಂದಿತ್ತು. ಡಾಕ್ಟರ್ ದಂಪತಿಯ ಇನ್‌ವಾಯ್ಸಿನಲ್ಲಿ ಆ ಸಾಲೇ ಇರಲಿಲ್ಲ. ಎರಡು ದಿನ ಫೋನ್ ಮಾಡಿದ ಮೇಲೆ ಸೇರಿತು. ನೋಡದೆ ಬಿಟ್ಟಿದ್ದರೆ ಅವರು ಇಲ್ಲೊಮ್ಮೆ, ಹಡಗಿನಲ್ಲೊಮ್ಮೆ ಕಟ್ಟಬೇಕಾಗುತ್ತಿತ್ತು.

ಹೊರಡುವುದಕ್ಕೆ ಮುಂಚೆ ಒಂದು ದಂಪತಿ ಹಿಂದೆ ಸರಿಯಬೇಕಾಯಿತು, ಯಜಮಾನರ ಮಂಡಿ ಶಸ್ತ್ರಚಿಕಿತ್ಸೆ ಎದುರಾಗಿತ್ತು. ಹಡಗಿನ ದರದಲ್ಲಿ ನಿಯಮದಂತೆ ದೊಡ್ಡ ಕಡಿತವೇ ಆಯಿತು. ಆದರೆ ಟಿಪ್ಸ್ ಮತ್ತು ಬಂದರು ತೆರಿಗೆಯ ಹಣ ಪೂರ್ತಿಯಾಗಿ ವಾಪಸು ಬಂತು. ಹಡಗು ಹತ್ತದವರಿಂದ ಸೇವೆಯ ಹಣ ಇಟ್ಟುಕೊಳ್ಳುವುದಿಲ್ಲ. ಮುಂಗಡ ಕಟ್ಟಿದರೆ ಹಣ ಮುಳುಗೀತು ಎಂದು ಹೆದರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಹಡಗು ಹತ್ತಿದ ಮೊದಲ ಸಂಜೆಯೇ ಇನ್ನೊಂದು ಪಾಠ ಕಾದಿತ್ತು. ಮುಂಗಡ ಕಟ್ಟಿದ್ದು ಕೋಣೆ, ಊಟದ ಸಭಾಂಗಣ ಮತ್ತು ಕಣ್ಣಿಗೆ ಬೀಳದ ಹಿನ್ನೆಲೆಯ ಕೆಲಸಗಾರರಿಗೆ. ದುಡ್ಡು ಕೊಟ್ಟು ಕೊಳ್ಳುವ ಪಾನೀಯಕ್ಕೆ ಬಿಲ್ಲಿನ ಮೇಲೆ ಶೇ 18 ಬೇರೆಯಾಗಿಯೇ ಸೇರುತ್ತದೆ, ಸ್ಪಾಗೂ ಹಾಗೆಯೇ. ಮೇಷ್ಟ್ರ ಹೆಂಡತಿ ಒಂದು ಹಣ್ಣಿನ ರಸ ತೆಗೆದುಕೊಂಡರು. ಸಹಿ ಮಾಡಲು ಚೀಟಿ ಬಂತು. ಅದರಲ್ಲಿ ರಸದ ಬೆಲೆ, ಅದರ ಕೆಳಗೆ ಆಗಲೇ ಅಚ್ಚಾಗಿದ್ದ ಶೇ 18ರ ಟಿಪ್ಸ್, ಅದರ ಕೆಳಗೆ ಹೆಚ್ಚುವರಿ ಟಿಪ್ಸ್ ಎಂದು ಒಂದು ಖಾಲಿ ಗೆರೆ, ಕೊನೆಗೆ ಮೊತ್ತದ ಜಾಗ. ಖಾಲಿ ಗೆರೆ ಕಂಡರೆ ಏನಾದರೂ ತುಂಬಿಬಿಡುವುದು ಶಾಲೆ ನಡೆಸಿದವರ ಅಭ್ಯಾಸ. ಆಕೆಯ ಪೆನ್ನು ಎರಡು ಡಾಲರ್ ಬರೆಯಲು ಇಳಿದಿತ್ತು. ನಾನು ಬೆರಳಿಟ್ಟು ಮೇಲಿನ ಸಾಲನ್ನು ತೋರಿಸಿದೆ. ಆ ಗೆರೆಯ ಮೇಲೆ ಅಡ್ಡಗೀಟು ಎಳೆದು, ಮೊತ್ತ ಬರೆದು, ಸಹಿ ಹಾಕಿ ಎಂದೆ. ಅಂದಿನಿಂದ ಎಲ್ಲರೂ ಚೆಕ್ಕಿನ ಮೇಲೆ ಗೀಟು ಎಳೆಯುವ ಗಾಂಭೀರ್ಯದಿಂದ ಅಡ್ಡಗೀಟು ಎಳೆಯತೊಡಗಿದರು.

ರಾತ್ರಿಯ ಊಟಕ್ಕೆ ನಮಗೆ ಒಂದೇ ಮೇಜು, ಬಡಿಸುವವರೂ ಅವರೇ. ನಾವು ಮಾತನಾಡುವುದನ್ನು ಕೇಳಿಸಿಕೊಂಡ ಹುಡುಗ ನೀರಿನ ಹೂಜಿ ಹಿಡಿದೇ ನಿಂತು, "ಮೈಸೂರಿನವರೇ ಸರ್?" ಎಂದ. ಅವನ ಊರು ಬ್ರಹ್ಮಾವರದ ಹತ್ತಿರ. ಉಡುಪಿ, ಮಂಗಳೂರು, ಗೋವಾ ಕಡೆಯ ಹುಡುಗರು ಇಂಥ ಹಡಗುಗಳಲ್ಲಿ ಬಹಳ ಮಂದಿ ಇದ್ದಾರೆಂದು ಕೇಳಿದ್ದೆ, ನಮ್ಮ ಮೇಜಿಗೇ ಸಿಗುತ್ತಾನೆ ಎಂದುಕೊಂಡಿರಲಿಲ್ಲ. ಮೇಷ್ಟ್ರ ಹೆಂಡತಿಗೆ ಈರುಳ್ಳಿ, ಬೆಳ್ಳುಳ್ಳಿ ಆಗುವುದಿಲ್ಲ ಎಂದು ತಿಳಿದ ಕೂಡಲೇ, "ಅಮ್ಮ, ನಾಳೆ ಏನು ಬೇಕೆಂದು ಇವತ್ತೇ ಹೇಳಿಬಿಡಿ, ಇಂಡಿಯನ್ ಅಡುಗೆಯವರಿಗೆ ನಾನು ಹೇಳಿ ಮಾಡಿಸುತ್ತೇನೆ" ಎಂದ. ಮರುದಿನ ಸಾರು, ಪಲ್ಯ ಬಂದವು. ಸಾರಿನಲ್ಲಿ ಹುಳಿ ಕಡಿಮೆಯಿತ್ತು ಎಂಬುದನ್ನು ಆಕೆ ನಮಗೆ ಹೇಳಿದರೇ ಹೊರತು ಅವನಿಗೆ ಹೇಳಲಿಲ್ಲ.

ಊಟ ಮುಗಿದು ಮೇಜು ಖಾಲಿಯಾದ ಮೇಲೆ ಅವನನ್ನು ನೇರವಾಗಿ ಕೇಳಿದೆ: ನಾವು ಮೊದಲೇ ಕಟ್ಟಿದ್ದು ನಿನಗೆ ತಲುಪುತ್ತದೆಯೇ? "ನನ್ನೊಬ್ಬನಿಗಲ್ಲ ಸರ್, ಹಂಚಿಕೆಯಾಗುತ್ತದೆ. ಕೆಳಗೆ ಅಡುಗೆಮನೆಯಲ್ಲಿ ಇರುವವರನ್ನು ನೀವು ನೋಡುವುದೇ ಇಲ್ಲವಲ್ಲ, ಅವರಿಗೂ ಪಾಲಿದೆ" ಎಂದ. ಅವನ ಸೋದರಮಾವನೂ ಹಡಗಿನಲ್ಲಿ ದುಡಿದವರಂತೆ. ಅವರ ಕಾಲದಲ್ಲಿ ಕೊನೆಯ ರಾತ್ರಿ ಪ್ರಯಾಣಿಕರು ಲಕೋಟೆಯಲ್ಲಿ ಹಣ ಹಾಕಿ ಬಡಿಸಿದವನ ಕೈಗೆ ಕೊಡುತ್ತಿದ್ದರು. ಕೆಲವರು ಕೊನೆಯ ರಾತ್ರಿ ಊಟಕ್ಕೇ ಬರುತ್ತಿರಲಿಲ್ಲ. ಇದನ್ನು ಹೇಳಿ ಅವನೇ ನಕ್ಕ. ನಗದು ಕೊಟ್ಟರೆ ಬೇಡವೆನ್ನುವುದಿಲ್ಲ, ಆದರೆ ಅಭಿಪ್ರಾಯದ ಫಾರಂನಲ್ಲಿ ಹೆಸರು ಬರೆದರೆ ಮುಂದಿನ ಕಾಂಟ್ರಾಕ್ಟಿಗೆ, ಬಡ್ತಿಗೆ ಉಪಯೋಗ ಎಂದ. ನಾವು ಹತ್ತು ಮಂದಿಯೂ ಬರೆದೆವು. ಮೇಷ್ಟ್ರು ಬರೆದದ್ದು ಒಂದು ಪುಟ.

ನಗದಿನ ವಿಷಯಕ್ಕೆ ಬರುತ್ತೇನೆ. ದಂಪತಿಗೆ ಇಪ್ಪತ್ತು ಡಾಲರಿನಂತೆ ನೂರು ಡಾಲರಿನ ಒಂದು ಸಾಮಾನ್ಯ ನಿಧಿಯನ್ನು ಮೊದಲೇ ಮಾಡಿಕೊಂಡಿದ್ದೆ. ಹಡಗಿನ ಒಳಗಿನ ವ್ಯವಹಾರ ಅಮೆರಿಕದ ಡಾಲರಿನಲ್ಲಿ. ಒಂದು, ಐದರ ಸಣ್ಣ ನೋಟುಗಳು ಬೇಕೆಂದು ಮನಿ ಚೇಂಜರ್‌ಗೆ ಒಂದು ವಾರ ಮೊದಲೇ ಹೇಳಿಡದಿದ್ದರೆ ನೂರರ ನೋಟನ್ನೇ ಕೈಗಿಡುತ್ತಾರೆ. ಐದು ಕೋಣೆಗಳನ್ನು ನೋಡಿಕೊಂಡ ಇಬ್ಬರಿಗೆ ತಲಾ ಇಪ್ಪತ್ತು, ಬ್ರಹ್ಮಾವರದ ಹುಡುಗನಿಗೆ ಇಪ್ಪತ್ತೈದು, ಅವನ ಸಹಾಯಕನಿಗೆ ಹದಿನೈದು, ಉಳಿದ ಇಪ್ಪತ್ತು ಪಲ್ಯ ಮಾಡಿ ಕಳುಹಿಸಿದ ಅಡುಗೆಯವರಿಗೆ. ಮುಖ ನೋಡಿ ಕೊಡುವ ನಮ್ಮ ಹಳೆಯ ಅಭ್ಯಾಸಕ್ಕೆ ಈ ನಿಧಿಯಲ್ಲಿ ಜಾಗ ಸಿಕ್ಕಿತು, ಮೇಷ್ಟ್ರಿಗೂ ಸಮಾಧಾನವಾಯಿತು. ಫುಕೆಟ್‌ನಲ್ಲಿ ಬಸ್ಸಿನ ಗೈಡ್‌ಗೆ ಬಾತ್‌ನಲ್ಲಿ ಬೇರೆಯೇ ಕೊಟ್ಟೆವು. ದಡದ ಮೇಲಿನ ಜನಕ್ಕೆ ಹಡಗಿನ ಟಿಪ್ಸ್ ಸಂಬಂಧಿಸಿದ್ದಲ್ಲ.

ಕೊನೆಯ ರಾತ್ರಿ ಅತಿಥಿ ಸೇವೆಯ ಕೌಂಟರ್ ಮುಂದೆ ಉದ್ದನೆಯ ಸಾಲು. ಅದರಲ್ಲಿ ನಮ್ಮ ದೇಶದವರು ಸಾಕಷ್ಟು ಮಂದಿ ಇದ್ದರು. ದಿನದ ಟಿಪ್ಸ್ ತೆಗೆದುಹಾಕಿ ಎಂದು ಕೇಳಿದರೆ ಸಿಬ್ಬಂದಿ ವಾದ ಮಾಡದೆ ತೆಗೆಯುತ್ತಾರೆ, ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ನನ್ನ ಮುಂದೆಯೇ ಒಬ್ಬರು, ನಾಲ್ಕು ದಿನ ಮಕ್ಕಳಿಗೆ ಪ್ರತ್ಯೇಕ ಅಡುಗೆ ಮಾಡಿಸಿಕೊಂಡವರು, "ಸರ್ವೀಸ್ ಸರಿಯಿರಲಿಲ್ಲ" ಎಂದು ಹೇಳಿ ಪೂರ್ತಿ ಮೊತ್ತವನ್ನು ತೆಗೆಸಿ, ಗೆದ್ದವರಂತೆ ಹೆಂಡತಿಯ ಕಡೆ ನೋಡಿದರು. ನಾನು ಅಲ್ಲಿಗೆ ಹೋಗಿದ್ದು ಸಿಂಗಪುರದ ಟ್ಯಾಕ್ಸಿ ವಿಚಾರಿಸಲು. ನಮ್ಮ ಐದೂ ಕೋಣೆಗಳ ಬಿಲ್ಲಿನಲ್ಲಿ ಇದ್ದದ್ದು ಹಣ್ಣಿನ ರಸ, ಕಾಫಿ ಮತ್ತು ಡಾಕ್ಟರು ಗುಟ್ಟಾಗಿ ಕುಡಿದ ಎರಡು ಬಿಯರ್.

ಮುಂಗಡ ಕಟ್ಟುವುದು ಎಲ್ಲರಿಗೂ ಸರಿಹೊಂದುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗ ಬೇಯಾನ್ ಬಂದರಿನಿಂದ ಇದೇ ಕಂಪನಿಯ ಹಡಗು ಹತ್ತುತ್ತಾನೆ. ಅವನಿಗೆ ಬುಕಿಂಗ್ ಜೊತೆಗೆ ಹಡಗಿನಲ್ಲೇ ಖರ್ಚು ಮಾಡಬೇಕಾದ ಕ್ರೆಡಿಟ್ ಸಿಗುತ್ತದೆ. ಮುಂಗಡ ಕಟ್ಟದೆ ಬಿಟ್ಟರೆ ದಿನದ ಟಿಪ್ಸ್ ಆ ಕ್ರೆಡಿಟ್‌ನಲ್ಲಿ ತೀರಿಹೋಗುತ್ತದೆ, ಇಲ್ಲದಿದ್ದರೆ ಅದನ್ನು ಮುಗಿಸಲು ಬೇಡದ ಟೀ ಶರ್ಟ್ ಕೊಳ್ಳಬೇಕು ಎನ್ನುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ. ಅವನ ತಕರಾರು ಬೇರೆ: ರಾಯಲ್ ಕೆರಿಬಿಯನ್‌ನಲ್ಲಿ ತೊಟ್ಟಿಲ ಕೂಸಿಗೂ ದೊಡ್ಡವರಷ್ಟೇ ದರ. ಕಾರ್ನಿವಲ್ ಕಂಪನಿಯ ಹಡಗಿನಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ, ನಾರ್ವೇಜಿಯನ್ ಕಂಪನಿಯಲ್ಲಿ ಮೂರು ವರ್ಷದೊಳಗಿನವರಿಗೆ ಟಿಪ್ಸ್ ಇಲ್ಲ. ಮಗಳಿಗೆ ಎರಡು ತುಂಬುವುದರೊಳಗೆ ಒಮ್ಮೆ ಕಾರ್ನಿವಲ್‌ನಲ್ಲಿ ಹೋಗಿಬರಬೇಕೆಂದು ಈಗ ರಜೆ ಹೊಂದಿಸುತ್ತಿದ್ದಾನೆ.